ತಂಗಿಯ ಕಿಬ್ಬೊಟ್ಟೆ ನೋವು ಮುಟ್ಟಿನದೇ ಇರಬಹುದಾ?

ಧಾರವಾಡದ ಹಾಸ್ಟೆಲ್‌ನಲ್ಲಿರುವ 20 ವರ್ಷದ ತಂಗಿಗೆ ನಿನ್ನೆಯಿಂದ ಕಿಬ್ಬೊಟ್ಟೆ ನೋವು, ಮುಟ್ಟಿನದೇ ಇರಬಹುದಾ ಅಂತ ಕೇಳಿದ್ದೀರಿ. ಇರಬಹುದು. ಆ ನೋವು ಸಾಮಾನ್ಯವಾಗಿ ಮುಟ್ಟಿನ ಜೊತೆಗೇ ಶುರುವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಮೂತ್ರ ಉರಿಯುತ್ತಿದ್ದರೆ, ಪದೇ ಪದೇ ಹೋಗಬೇಕು ಅನಿಸಿದರೆ ಮೂತ್ರದ ಸೋಂಕು ಇರಬಹುದು.

ನನಗೆ ಹೆಚ್ಚು ಭಯ ಅಪೆಂಡಿಕ್ಸ್‌ನದು. ಹೊಕ್ಕಳ ಸುತ್ತ ಶುರುವಾದ ನೋವು ಎಷ್ಟೋ ಸಲ ಕೆಲವು ಗಂಟೆಗಳಲ್ಲಿ ಬಲಗಡೆ ಕೆಳಕ್ಕೆ ಇಳಿಯುತ್ತದೆ. ಊಟ ಬೇಡವಾಗುತ್ತದೆ. ವಾಂತಿ, ಜ್ವರ ಬರಬಹುದು. ಮುಟ್ಟಿನ ನೋವು ಅಂದುಕೊಂಡು ಸುಮ್ನೆ ಅಜವಾನದ ನೀರು ಕುಡಿಸಿ ಮಲಗಿಸಬೇಡಿ. ಅಪೆಂಡಿಕ್ಸ್ ಒಡೆದರೆ ಜೀವಕ್ಕೇ ಅಪಾಯ ಅಲ್ವಾ? ದಿಢೀರನೆ ಒಂದೇ ಬದಿ ತಡೆಯಲಾಗದ ನೋವು ಬಂದರೆ ಅಂಡಾಶಯ ತಿರುಚಿಕೊಂಡಿರಬಹುದು. ಅದಕ್ಕೂ ಕಾಯುವಂತಿಲ್ಲ.

ಇನ್ನೊಂದು ಮಾತು, ಮುಜುಗರವಾದರೂ ಕೇಳಲೇಬೇಕು. ಮುಟ್ಟು ತಪ್ಪಿದೆಯಾ? ಗರ್ಭನಾಳದಲ್ಲಿ ಗರ್ಭ ನಿಂತರೂ ಹೀಗೆ ನೋವು, ತಲೆಸುತ್ತು ಬರಬಹುದು. ಡಾಕ್ಟರ್ ಇದನ್ನು ಅವಳೊಬ್ಬಳ ಹತ್ತಿರವೇ ಕೇಳಲಿ, ಆಗ ನೀವು ಹೊರಗಿರಿ.

ನೋವು ಜಾಸ್ತಿಯಾಗುತ್ತಿದ್ದರೆ ಅಥವಾ ಜ್ವರ, ವಾಂತಿ ಇದ್ದರೆ ಇವತ್ತೇ ಧಾರವಾಡದ ಜಿಲ್ಲಾ ಆಸ್ಪತ್ರೆಗೋ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಸರ್ಕಾರಿ ಆಸ್ಪತ್ರೆಗೋ ಕರೆದುಕೊಂಡು ಹೋಗಿ. ತಲೆಸುತ್ತಿ ಬಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ.