ಶಿಬಿರದ ಹಗಲು ಕರಪತ್ರದಲ್ಲಿದೆ, ರಾತ್ರಿಯ ಬಗ್ಗೆ ಕೇಳಿ

ನಮಸ್ಕಾರ. ನಿಮ್ಮ ಪತ್ರ ಪೂರ್ತಿ ಓದಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ಪತ್ರದ ಸಾರ ಇಷ್ಟು: ನೀವು ದಾವಣಗೆರೆಯವರು. ಮಗಳಿಗೆ 9 ವರ್ಷ, ನಾಲ್ಕನೇ ಕ್ಲಾಸು ಮುಗಿಸಿದ್ದಾಳೆ. ತೀರ್ಥಹಳ್ಳಿ ಹತ್ತಿರದ ತೋಟವೊಂದರಲ್ಲಿ ಏಪ್ರಿಲ್ ಕೊನೆಗೆ 10 ದಿನದ ವಸತಿ ಶಿಬಿರ ಇದೆ. ಫೀಸು 14,000 ರೂಪಾಯಿ. ಅವಳ ಗೆಳತಿ ಹೊರಟಿದ್ದಾಳೆ, ಹಾಗಾಗಿ ಇವಳೂ ಹಟ ಹಿಡಿದಿದ್ದಾಳೆ. ನಿಮ್ಮ ಯಜಮಾನರು ಕಳಿಸೋಣ, ಧೈರ್ಯ ಬರುತ್ತೆ ಅಂತಾರೆ. ಅತ್ತೆ ಸುತಾರಾಂ ಬೇಡ ಅಂತಾರೆ. ಮಗಳು ಆಗೊಮ್ಮೆ ಈಗೊಮ್ಮೆ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ, ಇದನ್ನು ಶಿಬಿರದವರಿಗೆ ಹೇಳುವುದೋ ಬೇಡವೋ ಅನ್ನುವುದು ನಿಮ್ಮ ಇನ್ನೊಂದು ಚಿಂತೆ.

ನೀವು ಕಳಿಸಿದ ಕರಪತ್ರ ನೋಡಿದೆ. ಬೆಳಗ್ಗೆ ಯೋಗ, ಆಮೇಲೆ ಚಾರಣ, ಮಣ್ಣಿನ ಆಟ, ಹಗ್ಗದ ಮೇಲೆ ನಡೆಯೋದು, ಮುಖವಾಡ ಮಾಡೋದು, ಸಂಜೆ ನಾಟಕ, ರಾತ್ರಿ 8ಕ್ಕೆ ಊಟ, 9ಕ್ಕೆ ಮಲಗುವುದು. ಚೆನ್ನಾಗಿಯೇ ಇದೆ. ಆದರೆ 9 ಗಂಟೆಗೆ ಕರಪತ್ರ ಮುಗಿದುಹೋಗುತ್ತದೆ, ಮತ್ತೆ ಶುರುವಾಗೋದು ಬೆಳಗ್ಗೆ 6ಕ್ಕೆ. ನಡುವಿನ 9 ಗಂಟೆ ಏನಾಗುತ್ತದೆ ಅಂತ ಒಂದು ಸಾಲೂ ಇಲ್ಲ. ಬೇಸಿಗೆ ಬಂದರೆ ಇಂಥ ಕರಪತ್ರಗಳು ನಮ್ಮ ಕಚೇರಿಗೂ ಬರುತ್ತವೆ, ಎಲ್ಲವೂ ಹೀಗೇ ಇರುತ್ತವೆ. ಹಗಲು ಶಿಬಿರಕ್ಕೂ ವಸತಿ ಶಿಬಿರಕ್ಕೂ ಇರುವ ವ್ಯತ್ಯಾಸವೇ ರಾತ್ರಿ. ಅದನ್ನು ಬಿಟ್ಟು ಅಪ್ಪ ಅಮ್ಮಂದಿರು ಕುದುರೆ ಸವಾರಿ ಇದೆಯಾ, ಇಂಗ್ಲಿಷ್ ಮಾತಾಡಿಸ್ತಾರಾ ಅಂತ ಕೇಳಿ ದುಡ್ಡು ಕಟ್ಟಿಬಿಡುತ್ತಾರೆ.

ಇನ್ನೊಂದು ವಿಷಯ ನೆನಪಿರಲಿ. ಶಾಲೆ ನಡೆಸಬೇಕಾದರೆ ಶಿಕ್ಷಣ ಇಲಾಖೆಯ ಮಾನ್ಯತೆ ಬೇಕು. ಹತ್ತು ದಿನದ ಶಿಬಿರಕ್ಕೆ ಆ ಥರ ಬಂದು ನೋಡಿ, ಪರೀಕ್ಷೆ ಮಾಡಿ, ಆಮೇಲೆ ನಡೆಸಿ ಅನ್ನುವ ಪದ್ಧತಿ ನಮ್ಮಲ್ಲಿ ಇಲ್ಲ. ತೋಟ ಇದ್ದವರು, ಹೋಂಸ್ಟೇ ಇದ್ದವರು, ನಿಜವಾಗಲೂ ಮಕ್ಕಳ ಬಗ್ಗೆ ಪ್ರೀತಿ ಇದ್ದು ವರ್ಷಗಟ್ಟಲೆ ನಾಟಕ ಕಲಿಸಿಕೊಂಡು ಬಂದವರು, ಎಲ್ಲರೂ ಒಂದೇ ಥರದ ಕರಪತ್ರ ಹಾಕುತ್ತಾರೆ. ಹಾಗಾಗಿ ನೋಡುವ ಕೆಲಸ ನಿಮ್ಮದೇ. ಸಂಕೋಚ ಬೇಡ. ಒಳ್ಳೆಯ ಸಂಘಟಕರಿಗೆ ಇಂಥ ಪ್ರಶ್ನೆಗಳಿಂದ ಬೇಜಾರಾಗುವುದಿಲ್ಲ, ಉತ್ತರ ಅವರ ಹತ್ತಿರ ರೆಡಿ ಇರುತ್ತದೆ.

ಮೊದಲು ಮಲಗುವ ಜಾಗ. ಹೆಣ್ಣುಮಕ್ಕಳು ಎಲ್ಲಿ, ಗಂಡುಮಕ್ಕಳು ಎಲ್ಲಿ? 9 ವರ್ಷದವರ ಜೊತೆ 15 ವರ್ಷದವರನ್ನೂ ಒಂದೇ ಹಾಲ್‌ನಲ್ಲಿ ಹಾಕುತ್ತಾರಾ? ಹಾಕುತ್ತಾರೆ ಅಂದರೆ ನಾನಂತೂ ಒಪ್ಪುವುದಿಲ್ಲ. ಮಕ್ಕಳಿಗೆ ತೊಂದರೆ ಯಾವಾಗಲೂ ದೊಡ್ಡವರಿಂದಲೇ ಆಗಬೇಕೆಂದಿಲ್ಲ, ದೊಡ್ಡ ಮಕ್ಕಳಿಂದಲೂ ಆಗುತ್ತದೆ. ರಾತ್ರಿ ಮಕ್ಕಳ ಜೊತೆ ಯಾರು ಇರುತ್ತಾರೆ, ಎಷ್ಟು ಜನ, ಅವರು ಆ ಕೆಲಸಕ್ಕೆ ಎಷ್ಟು ವರ್ಷದಿಂದ ಇದ್ದಾರೆ? ಹಗಲಿಗೆ ಬಂದು ಹೋಗುವ ಕಲಾವಿದರ ಹೆಸರು ಕರಪತ್ರದಲ್ಲಿ ದೊಡ್ಡದಾಗಿ ಇರುತ್ತದೆ. ರಾತ್ರಿ ಉಳಿಯುವವರು ಯಾರೋ ಕಾಲೇಜು ಹುಡುಗರು, ಆ ವರ್ಷವಷ್ಟೇ ಸ್ವಯಂಸೇವಕರಾಗಿ ಬಂದವರು ಆಗಿರಬಹುದು. ಅಮೆರಿಕದಲ್ಲಿ ಶಿಬಿರಗಳ ಸಂಘವೊಂದಿದೆ, ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ಅಂತ. ಅವರ ಪ್ರಕಾರ ರಾತ್ರಿ ಉಳಿಯುವ ಶಿಬಿರದಲ್ಲಿ 9ರಿಂದ 14 ವರ್ಷದ 8 ಮಕ್ಕಳಿಗೆ ಒಬ್ಬರಾದರೂ ದೊಡ್ಡವರು ಇರಬೇಕು, 6ರಿಂದ 8 ವರ್ಷದವರಾದರೆ 6 ಮಕ್ಕಳಿಗೆ ಒಬ್ಬರು. ಅಷ್ಟು ನಮ್ಮಲ್ಲಿ ಸಿಗದೇ ಹೋಗಬಹುದು, ಆದರೆ ಅರವತ್ತು ಮಕ್ಕಳಿಗೆ ಇಬ್ಬರು ಅಂದರೆ ಅದು ಆಗದ ಮಾತು.

ಆಮೇಲೆ ಬಚ್ಚಲು ಮತ್ತು ಶೌಚಾಲಯ. ಇದನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಮಲೆನಾಡಿನ ಶಿಬಿರವೊಂದಕ್ಕೆ ಒಮ್ಮೆ ಹೋಗಿದ್ದೆ. ಒಳ್ಳೆಯ ಜನ, ಒಳ್ಳೆಯ ಊಟ, ಮಕ್ಕಳು ಖುಷಿಯಾಗಿದ್ದರು. ಸಂಜೆ ಬೆಲ್ಲದ ಪಾನಕ ಕೊಟ್ಟಾಗ ನಾಲ್ಕೈದು ಹುಡುಗಿಯರು ಲೋಟ ತೆಗೆದುಕೊಂಡು ಹಾಗೇ ಗಿಡದ ಬುಡಕ್ಕೆ ಸುರಿದರು. ಯಾಕಮ್ಮಾ, ರುಚಿ ಇಲ್ವಾ ಅಂದೆ. ಒಬ್ಬಳು ಮೆಲ್ಲಗೆ ಹೇಳಿದಳು: ರಾತ್ರಿ ಹೋಗಬೇಕಾಗುತ್ತೆ ಅಂಕಲ್. ಶೌಚಾಲಯ ಮನೆಯ ಹಿಂದೆ, ಕೊಟ್ಟಿಗೆ ದಾಟಿ ಇತ್ತು. ದಾರಿಯಲ್ಲಿ ಒಂದೂ ದೀಪ ಇರಲಿಲ್ಲ. ಬಾಗಿಲಿಗೆ ಒಳಗಿನ ಚಿಲಕ ಕಿತ್ತುಹೋಗಿತ್ತು, ಹಗ್ಗ ಕಟ್ಟಿದ್ದರು. ಆ ಮಕ್ಕಳು ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು, ಅದೂ ಬೇಸಿಗೆಯಲ್ಲಿ. ಸಂಘಟಕರಿಗೆ ಇದು ಗೊತ್ತೇ ಇರಲಿಲ್ಲ, ಹೇಳಿದ ತಕ್ಷಣ ಅದೇ ಸಂಜೆ ಬಲ್ಬು ಹಾಕಿಸಿದರು, ಚಿಲಕವನ್ನೂ ಹಾಕಿಸಿದರು. ಕೆಟ್ಟ ಉದ್ದೇಶ ಯಾರಿಗೂ ಇರಲಿಲ್ಲ, ಯಾರೂ ಮಗುವಿನ ಹಾಗೆ ರಾತ್ರಿ ಎರಡು ಗಂಟೆಗೆ ಎದ್ದು ಆ ದಾರಿಯಲ್ಲಿ ನಡೆದು ನೋಡಿರಲಿಲ್ಲ ಅಷ್ಟೇ. ನೀರು ಕಡಿಮೆ ಕುಡಿದು, ಮೂತ್ರ ಕಟ್ಟಿಕೊಂಡು ಕೂತರೆ ಹೆಣ್ಣುಮಕ್ಕಳಿಗೆ ಉರಿಮೂತ್ರದ ಸೋಂಕು ಬೇಗ ಬರುತ್ತದೆ, ನಿಮಗೂ ಗೊತ್ತಿರುವ ವಿಷಯ.

ಸಾಧ್ಯವಾದರೆ ಒಂದು ಭಾನುವಾರ ಹೋಗಿ ಜಾಗ ನೋಡಿಕೊಂಡು ಬನ್ನಿ. ಆಗದಿದ್ದರೆ ವಿಡಿಯೊ ಕರೆ ಮಾಡಿ, ಮಲಗುವ ಹಾಲ್‌ನಿಂದ ಶೌಚಾಲಯದವರೆಗೆ ನಡೆದು ತೋರಿಸಿ ಅನ್ನಿ. ತೋರಿಸೋಕೆ ಹಿಂದೆಮುಂದೆ ನೋಡಿದರೆ ಅಲ್ಲಿಗೆ ಬಿಡಿ.

ಹಾಸಿಗೆ ಒದ್ದೆಯಾಗುವ ವಿಷಯ. ಖಂಡಿತ ಹೇಳಿ. ಇದು ನಾಚಿಕೆಯ ಸಂಗತಿಯೇ ಅಲ್ಲ. 10 ವರ್ಷದ ಮಕ್ಕಳಲ್ಲೂ 100ಕ್ಕೆ ಸುಮಾರು 5 ಮಕ್ಕಳಿಗೆ ಇದು ಇರುತ್ತದೆ ಅಂತ ವೈದ್ಯರು ಹೇಳುತ್ತಾರೆ. ಅಂದರೆ ಆ ಶಿಬಿರದಲ್ಲಿ ನಿಮ್ಮ ಮಗಳೊಬ್ಬಳೇ ಆಗಿರಲಿಕ್ಕಿಲ್ಲ. ಆದರೆ ಅರ್ಜಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಬರೆಯಬೇಡಿ. ರಾತ್ರಿ ಜೊತೆಗಿರುವ ಮೇಡಂ ಯಾರು ಅಂತ ಕೇಳಿ, ಅವರಿಗೇ ನೇರವಾಗಿ ಫೋನ್ ಮಾಡಿ ಹೇಳಿ. ಮಲಗುವ ಮುಂಚೆ ಒಮ್ಮೆ, ರಾತ್ರಿ ಒಮ್ಮೆ ಎಬ್ಬಿಸಿ ಕರೆದುಕೊಂಡು ಹೋಗ್ತೀರಾ, ಒದ್ದೆಯಾದರೆ ಬೇರೆ ಮಕ್ಕಳಿಗೆ ಗೊತ್ತಾಗದ ಹಾಗೆ ಹಾಸಿಗೆ ಬದಲಾಯಿಸ್ತೀರಾ ಅಂತ ವಿಚಾರಿಸಿ. ಅವರು ಅಯ್ಯೋ ಅದಕ್ಕೇನಂತೆ, ನಾವು ನೋಡ್ಕೋತೀವಿ ಅಂದು, ಹೇಗೆ ನೋಡಿಕೊಳ್ಳುತ್ತೇವೆ ಅನ್ನುವುದನ್ನೂ ಹೇಳಿದರೆ ನಿಮ್ಮ ಅರ್ಧ ಚಿಂತೆ ಕಳೆಯಿತು. ಅಷ್ಟು ದೊಡ್ಡವಳಾದರೂ ಇನ್ನೂನಾ ಅಂತ ನಕ್ಕರೆ, ಅಂಥವರ ಹತ್ತಿರ ಮಗುವನ್ನು ಬಿಡಬೇಡಿ. ಆ ಒಂದು ಫೋನಿನಲ್ಲಿ ಇಡೀ ಶಿಬಿರದ ಗುಣ ಗೊತ್ತಾಗುತ್ತದೆ.

ಫೋನ್ ಬಗ್ಗೆ. 10 ದಿನ ಪೋಷಕರು ಬರುವಂತಿಲ್ಲ, ಐದನೇ ದಿನ 5 ನಿಮಿಷ ಮಾತ್ರ ಮಾತು ಅಂತ ನಿಯಮ ಇದೆ, ಇದು ಸರಿಯಾ ಅಂತ ಕೇಳಿದ್ದೀರಿ. ಮಕ್ಕಳ ಕೈಯಲ್ಲಿ ಮೊಬೈಲ್ ಇರಬಾರದು ಅನ್ನುವುದು ಒಳ್ಳೆಯದೇ. ದಿನಾ ಸಂಜೆ ಅಮ್ಮನ ದನಿ ಕೇಳಿದರೆ ಚೆನ್ನಾಗಿ ಆಡಿಕೊಂಡಿದ್ದ ಮಗುವೂ ಅಳುತ್ತದೆ, ಅದೂ ನಿಜ. ಆದರೆ ಮಗು ತಾನಾಗಿ ನನಗೆ ಈಗ ಅಮ್ಮನ ಹತ್ತಿರ ಮಾತಾಡಬೇಕು ಅಂದರೆ ಬಿಡಬೇಕು. ಮಾತಾಡುವಾಗ ಪಕ್ಕದಲ್ಲಿ ಯಾರೂ ನಿಂತಿರಬಾರದು, ಸ್ಪೀಕರ್ ಹಾಕಬಾರದು. ಈ ಎರಡು ಮಾತಿಗೆ ಅವರು ಒಪ್ಪಲೇಬೇಕು. ಇದರಲ್ಲಿ ನಾನು ಒಂದಿಷ್ಟೂ ಸಡಿಲ ಮಾಡುವುದಿಲ್ಲ. ಮಲೆನಾಡಿನ ಎಷ್ಟೋ ತೋಟಗಳಲ್ಲಿ ಸಿಗ್ನಲ್ ಸಿಗುವುದಿಲ್ಲ, ಗಾಳಿ ಮಳೆ ಬಂದರೆ ಕರೆಂಟೂ ಹೋಗುತ್ತದೆ. ಅಲ್ಲಿ ಯಾವ ಕಂಪನಿಯ ಸಿಮ್ ಹಿಡಿಯುತ್ತದೆ, ಹತ್ತಿರದ ಮನೆಯ ನಂಬರ್ ಯಾವುದು ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಈಗ ಮಗಳ ಹತ್ತಿರ ಏನು ಮಾತಾಡಬೇಕು ಅನ್ನುವುದು. ಎಲ್ಲಕ್ಕಿಂತ ಮುಖ್ಯ ಇದೇ. ನಿನಗೆ ಬೇಜಾರಾದರೆ ತಕ್ಷಣ ಬಂದು ಕರ್ಕೊಂಡು ಬರ್ತೀನಿ ಅಂತ ಮಾತು ಕೊಡಬೇಡಿ. 2007ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಪತ್ರಿಕೆಯಲ್ಲಿ ಮನೆ ನೆನಪಿನ ಸಂಕಟದ ಬಗ್ಗೆ ಬಂದ ವರದಿ ಕೂಡ ಇದನ್ನೇ ಹೇಳುತ್ತದೆ: ಹಾಗೆ ಮಾತು ಕೊಟ್ಟರೆ ಇವಳ ಕೈಲಿ ಆಗಲ್ಲ ಅಂತ ಅಮ್ಮನೇ ಅಂದುಕೊಂಡಿದ್ದಾಳೆ ಅಂತ ಮಗುವಿಗೆ ಅನಿಸುತ್ತದೆ, ಮೊದಲ ರಾತ್ರಿಯಿಂದಲೇ ಅದು ಕಾಯತೊಡಗುತ್ತದೆ. ಅದರ ಬದಲು ಸಂಜೆ ಹೊತ್ತು ಮನೆ ನೆನಪಾಗುತ್ತೆ ಪುಟ್ಟಿ, ಎಲ್ಲರಿಗೂ ಆಗುತ್ತೆ, ಆಗ ಗೆಳತಿ ಜೊತೆ ಮಾತಾಡು, ಅಪ್ಪನಿಗೆ ಒಂದು ಕಾಗದ ಬರಿ ಅನ್ನಿ.

ಆದರೆ ಭಯದ ವಿಷಯ ಬೇರೆ. ಅದನ್ನು ಬೇರೆಯಾಗಿಯೇ ಹೇಳಿಕೊಡಿ. ಯಾರಾದರೂ, ಸರ್ ಆಗಲಿ, ಅಡುಗೆಯವರಾಗಲಿ, ದೊಡ್ಡ ಅಕ್ಕ ಅಣ್ಣ ಆಗಲಿ, ನಿನಗೆ ಇಷ್ಟವಿಲ್ಲದ ಹಾಗೆ ಮುಟ್ಟಿದರೆ, ಹೊಡೆದರೆ, ಮನೆಯಲ್ಲಿ ಹೇಳಬೇಡ ಅಂದರೆ, ರಾತ್ರಿ ಎಷ್ಟು ಹೊತ್ತಾಗಿದ್ದರೂ ಅಮ್ಮನಿಗೆ ಫೋನ್ ಮಾಡಿಸು, ನಾವು ಬಂದೇ ಬರ್ತೀವಿ, ನಿನ್ನ ಮೇಲೆ ಸಿಟ್ಟು ಮಾಡಲ್ಲ. ಇಬ್ಬರಿಗೇ ಗೊತ್ತಿರುವ ಒಂದು ಮಾತನ್ನೂ ಇಟ್ಟುಕೊಳ್ಳಿ. ನನ್ನ ಹಳದಿ ಟವೆಲ್ ಮನೇಲೇ ಬಿಟ್ಟೆನಾ ಅಂತ ಅವಳು ಕೇಳಿದರೆ ಈಗಲೇ ಬನ್ನಿ ಅಂತ ಅರ್ಥ. ಪಕ್ಕದಲ್ಲಿ ಯಾರಿದ್ದರೂ ಆ ಮಾತು ಹೇಳಬಹುದು. ನಿಮ್ಮ ನಂಬರ್ ಜೊತೆಗೆ ಮಕ್ಕಳ ಸಹಾಯವಾಣಿ 1098 ಕೂಡ ಅವಳಿಗೆ ಬಾಯಿಪಾಠ ಆಗಲಿ. ಸಂಘಟಕರನ್ನೂ ಕೇಳಿ, ಮಗುವೊಂದು ಇಂಥ ದೂರು ಹೇಳಿದರೆ ನೀವು ಏನು ಮಾಡ್ತೀರಿ? ನಾವೇ ಕರೆದು ಮಾತಾಡಿ ಸರಿ ಮಾಡ್ತೀವಿ ಅನ್ನುವುದು ತಪ್ಪು ಉತ್ತರ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಹೆಸರು ಕೆಡುತ್ತದೆ ಅಂತ ಮುಚ್ಚಿಟ್ಟರೆ ಅದೂ ಶಿಕ್ಷೆಯಾಗುವ ಅಪರಾಧ. ಗಂಡುಮಕ್ಕಳಿಗೂ ಇದೇ ಕಾಯ್ದೆ ಅನ್ವಯಿಸುತ್ತದೆ. ಮಗನನ್ನು ಕಳಿಸುವವರೂ ಈ ಮಾತುಗಳನ್ನು ಬಿಡದೆ ಆಡಬೇಕು.

ಹಗಲಿನದ್ದು ಬೇಗ ಹೇಳಿ ಮುಗಿಸುತ್ತೇನೆ. ನೀರಿಗೆ ಇಳಿಸುತ್ತಾರಾ ಕೇಳಿ. ತೀರ್ಥಹಳ್ಳಿ ಅಂದರೆ ತುಂಗೆ, ತೋಟ ಅಂದರೆ ಕೆರೆ, ಕೃಷಿ ಹೊಂಡ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲತೀರದಲ್ಲಿ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ವಸತಿ ಶಾಲೆಯ ನಾಲ್ವರು ಹುಡುಗಿಯರು ನೀರುಪಾಲಾದರು. ಜೊತೆಯಲ್ಲಿ ಶಿಕ್ಷಕರು ಇದ್ದರು. ಈಜು ಬಲ್ಲವರು, ಲೈಫ್ ಜಾಕೆಟ್ ಎರಡರಲ್ಲಿ ಒಂದು ಇಲ್ಲದಿದ್ದರೂ ನನ್ನ ಮಗಳನ್ನು ನೀರಿಗೆ ಇಳಿಸಬೇಡಿ ಅಂತ ಅರ್ಜಿಯಲ್ಲೇ ಬರೆದುಕೊಡಿ. ಏಪ್ರಿಲ್ ಕೊನೆ ಅಂದರೆ ಭರಣಿ ಮಳೆ, ಸಂಜೆ ಗುಡುಗು ಸಿಡಿಲು ಇದ್ದದ್ದೇ. ಆಗ ಮಕ್ಕಳು ಗುಡ್ಡದ ಮೇಲೆ ಇರಬಾರದು. ಆ ಸೀಮೆಯಲ್ಲಿ ಮಂಗನ ಕಾಯಿಲೆಯೂ ಇದೆ. 1957ರಲ್ಲಿ ಅದು ಮೊದಲು ಪತ್ತೆಯಾಗಿದ್ದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗಿನಿಂದ ಹರಡುತ್ತದೆ, ಬೇಸಿಗೆ ಮುಗಿಯುವವರೆಗೂ ಭಯ ಇರುತ್ತದೆ. ಚಾರಣಕ್ಕೆ ಹೋಗುವ ಕಾಡಿನ ಸುತ್ತ ಈ ವರ್ಷ ಮಂಗ ಸತ್ತಿವೆಯಾ ಅಂತ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿದ್ದೀರಾ, ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆ ಹಚ್ಚುತ್ತೀರಾ ಅಂತ ಕೇಳಿ. ಉದ್ದ ತೋಳಿನ ಅಂಗಿ, ಪ್ಯಾಂಟು, ಕಾಲುಚೀಲ ಜಾಸ್ತಿ ಹಾಕಿ ಕಳಿಸಿ. ಹಾವು ಕಚ್ಚಿದರೆ ನಾಟಿ ಔಷಧಿ ಅಂತ ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ ಹೋಗಬೇಕು. ಅದಕ್ಕೆ ರಾತ್ರಿಯೂ ಗೇಟಿನ ಹತ್ತಿರ ಒಂದು ವಾಹನ, ಓಡಿಸುವವರು ಇರಬೇಕು. ತಾಲ್ಲೂಕು ಆಸ್ಪತ್ರೆ ಎಷ್ಟು ದೂರ ಅಂತ ತಿಳಿದುಕೊಳ್ಳಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ತೀರ್ಥಹಳ್ಳಿಯಿಂದ ಸುಮಾರು 60 ಕಿಲೋಮೀಟರ್.

ಅರ್ಜಿಯ ಕೊನೆಗೆ ಯಾವುದೇ ಅನಾಹುತಕ್ಕೆ ನಾವು ಹೊಣೆಯಲ್ಲ ಅನ್ನುವ ಸಾಲಿದೆ. ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಅವರ ನಿರ್ಲಕ್ಷ್ಯದ ಹೊಣೆ ತಪ್ಪುವುದಿಲ್ಲ. ಆದರೂ ಆ ಸಾಲು ಹಾಕಿದವರು ಬೇರೆ ಪ್ರಶ್ನೆಗಳಿಗೆ ಹೇಗೆ ಉತ್ತರ ಕೊಡುತ್ತಾರೆ ನೋಡಿ.

ಇನ್ನು ನಿಮ್ಮ ಮನೆಯ ವಾದ. ಇಬ್ಬರದ್ದೂ ಒಂದೊಂದು ರೀತಿ ಸರಿ. ನಿಮ್ಮ ಮಗಳು ಇದುವರೆಗೆ ನೀವಿಲ್ಲದೆ ಒಂದು ರಾತ್ರಿಯೂ ಬೇರೆ ಮನೆಯಲ್ಲಿ ಮಲಗಿಲ್ಲ ಅಂತ ಬರೆದಿದ್ದೀರಿ. ಅಂಥ ಮಗುವನ್ನು ಒಮ್ಮೆಲೇ 10 ದಿನ ಕಳಿಸುವುದು ಜಾಸ್ತಿಯಾಯಿತು. ಶಿಬಿರಕ್ಕೆ ಮುಂಚೆ ಅಜ್ಜಿ ಮನೆಗೋ ಚಿಕ್ಕಮ್ಮನ ಮನೆಗೋ ಎರಡು ಮೂರು ರಾತ್ರಿ ಅವಳೊಬ್ಬಳನ್ನೇ ಬಿಡಿ, ನೀವು ಉಳಿಯಬೇಡಿ. ಅಲ್ಲಿ ಹೇಗಿದ್ದಳು ನೋಡಿಕೊಂಡು ತೀರ್ಮಾನ ಮಾಡಿ. ಅತ್ತೆಯವರನ್ನೂ ಆ ತೀರ್ಮಾನದಲ್ಲಿ ಸೇರಿಸಿಕೊಳ್ಳಿ. ಆಗಲಿಲ್ಲ ಅಂದರೆ ಈ ವರ್ಷ ಹಗಲು ಶಿಬಿರ ಸಾಕು. ಬಾಲಭವನಗಳಲ್ಲಿ ಬೇಸಿಗೆ ಶಿಬಿರ ನಡೆಯುತ್ತದೆ. ಮೈಸೂರಿನಲ್ಲಿ ನೆಂಟರಿದ್ದರೆ ರಂಗಾಯಣದ ಚಿಣ್ಣರ ಮೇಳ ಇದೆ, ಮಕ್ಕಳು ಹಗಲೆಲ್ಲ ಕುಣಿದು ಹಾಡಿ ಸಂಜೆ ಮನೆಗೆ ಬರುತ್ತಾರೆ. ಮುಂಗಡ ಕಟ್ಟಿದ 4,000 ಹೋದರೆ ಹೋಗಲಿ, ಅದಕ್ಕೋಸ್ಕರ ಮಗುವನ್ನು ಕಳಿಸಬೇಡಿ.

ಕಳಿಸಿದರೆ, ವಾಪಸ್ ಬಂದ ದಿನ ಪ್ರಶ್ನೆಗಳ ಮಳೆ ಸುರಿಸಬೇಡಿ. ಬಿಸಿನೀರು ಹಾಕಿ, ತಲೆ, ಕಿವಿಯ ಹಿಂದೆ, ಕಂಕುಳು, ಸೊಂಟದ ಹತ್ತಿರ ಉಣುಗು ಇದೆಯಾ ನೋಡಿ. ಊಟ ಆದ ಮೇಲೆ ರಾತ್ರಿ ನಿನ್ನ ಪಕ್ಕ ಯಾರು ಮಲಗ್ತಿದ್ದರು ಅಂತ ಕೇಳಿ ಸುಮ್ನೆ ಕೂತುಕೊಳ್ಳಿ, ಅವಳೇ ಹೇಳುತ್ತಾ ಹೋಗುತ್ತಾಳೆ. ಮುಂದಿನ ಹತ್ತು ಹನ್ನೆರಡು ದಿನದಲ್ಲಿ ಜೋರು ಜ್ವರ, ಮೈಕೈ ನೋವು ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದ ಮಾತು: ಮಗಳು ತೀರ್ಥಹಳ್ಳಿ ಕಡೆ ಕಾಡಿನಲ್ಲಿ ಓಡಾಡಿ ಬಂದಿದ್ದಾಳೆ.