ಎನ್‌ಪಿವೈ ಕೊಟ್ರೆ ಹೊಟ್ಟೆ ತುಂಬಿದ ಇಲಿನೂ ತಿನ್ನುತ್ತಾ?

ಹೊಟ್ಟೆ ತುಂಬಿರೋ ಇಲಿಗೂ ನ್ಯೂರೋಪೆಪ್ಟೈಡ್ ವೈ (ಎನ್‌ಪಿವೈ, ಮೆದುಳಲ್ಲಿ ಹಸಿವು ಹುಟ್ಸೋ ಒಂದು ಪೆಪ್ಟೈಡ್, ಅಂದ್ರೆ ಪುಟಾಣಿ ಪ್ರೋಟೀನ್ ಥರದ್ದು) ಕೊಟ್ರೆ ತಿನ್ನುತ್ತಾ ಅಂತ ಕೇಳಿದ್ರಲ್ಲ, ಹೌದು ರೀ, ಬಕಾಸುರನ ಥರ ತಿನ್ನುತ್ತೆ. ಆದ್ರೆ ಇಂಜೆಕ್ಷನ್ ಮೆದುಳಿಗೇ ಹೋಗ್ಬೇಕು, ಹಸಿವನ್ನ ನೋಡ್ಕೊಳ್ಳೋ ಹೈಪೋಥಲಾಮಸ್ ಅನ್ನೋ ಭಾಗದ ಕಡೆಗೆ. 36 ಅಮೈನೋ ಆಸಿಡ್‌ಗಳ ಈ ಪೆಪ್ಟೈಡನ್ನ 1982ರಲ್ಲಿ ಹಂದಿ ಮೆದುಳಿಂದ ಬೇರ್ಪಡಿಸಿದ್ರು (ಹಂದಿನೇ!), ಆಮೇಲೆ ಇಲಿಗಳಿಗೆ ದಿನಾ ಕೊಡ್ತಾ ಹೋದಾಗ ತಿಂದೂ ತಿಂದೂ ತೂಕ ಏರಿ ಕೊಬ್ಬು ತುಂಬ್ಕೊಂಡ್ವು. ಮಾಮೂಲಿಯಾಗಿ ಕೊಬ್ಬಿಂದ ಬರೋ ಲೆಪ್ಟಿನ್ ಅನ್ನೋ ಹಾರ್ಮೋನ್ ಎನ್‌ಪಿವೈಗೆ ಬ್ರೇಕ್ ಹಾಕುತ್ತೆ, ಜುಕರ್ ಅನ್ನೋ ತಳಿಯ ದಢೂತಿ ಇಲಿಗಳಲ್ಲಿ ಲೆಪ್ಟಿನ್ ಸಂದೇಶ ಹಿಡಿಯೋ ರಿಸೆಪ್ಟರೇ ಕೆಟ್ಟಿರೋದ್ರಿಂದ ಆ ಬ್ರೇಕ್ ಹಿಡಿಯಲ್ಲ.

ಮಾತ್ರೆ ಕೊಟ್ಟು ಎನ್‌ಪಿವೈ ಕೆಲಸ ನಿಲ್ಲಿಸಿದ್ರೆ ಸಣ್ಣ ಆಗ್ಬಹುದಲ್ಲ ಅಂತೀರಲ್ಲ, ಅಷ್ಟು ಸಲೀಸಿಲ್ಲ ಅನ್ಸುತ್ತೆ ನಂಗೆ. ಹುಟ್ಟಿಂದ್ಲೇ ಈ ಪೆಪ್ಟೈಡ್ ಇಲ್ಲದ ಸುಂಡಿಲಿಗಳನ್ನ 1996ರಲ್ಲಿ ನೋಡಿದ್ರೆ ಅವು ಆರಾಮಾಗಿ ತಿಂದ್ಕೊಂಡು ಮಾಮೂಲಿ ತೂಕದಲ್ಲೇ ಇದ್ವು. ಹಸಿವು ಹುಟ್ಸೋಕೆ ಮೆದುಳಲ್ಲಿ ಬೇರೆ ಪೆಪ್ಟೈಡ್‌ಗಳೂ ಇವೆ, ಎಜಿಆರ್‌ಪಿ ಅಂತ ಒಂದು, ಅದು ಎನ್‌ಪಿವೈ ತಯಾರಿಸೋ ನರಕೋಶಗಳಲ್ಲೇ ಇರುತ್ತೆ.