ಆ ಚಾರ್ಟ್‌ನಲ್ಲಿ ರಾತ್ರಿ ಪಾಳಿ ಎಲ್ಲಿದೆ ಸರ್?

ಪುಣೆ ಹತ್ತಿರದ ಚಾಕಣದ ಹೊಸ ಪ್ಲಾಂಟಿಗೆ ಎಮರ್ಜೆನ್ಸಿ ಪ್ಲಾನ್ ಮಾಡಿದ್ದೀನಿ, ಮುಂದಿನ ವಾರ ಮಾಕ್ ಡ್ರಿಲ್, ಏನಾದ್ರೂ ಬಿಟ್ಟಿದ್ರೆ ಹೇಳಿ ಅಂತ ಚಾರ್ಟ್ ಹಾಕಿದ್ದೀರಿ. ಕೆಳಗೆ ಆಗಲೇ ಸಾಲಾಗಿ 'ಸೂಪರ್ ಸರ್' ಬಿದ್ದಿವೆ. ನಾನು ಹಾಕುವುದಿಲ್ಲ. ಮೇಲೆ ಪ್ಲಾಂಟ್ ಹೆಡ್, ಅವರ ಕೆಳಗೆ ಒಂಬತ್ತು ಬಾಣ, ಒಂಬತ್ತೂ ಜನ ನೇರ ಅವರಿಗೇ ಹೇಳಬೇಕು, ಹೇಳುವುದಕ್ಕೆ ವಾಟ್ಸಾಪ್ ಗ್ರೂಪ್. ಹನ್ನೊಂದು ವರ್ಷದ ಹಿಂದೆ ನಾನೂ ಇದೇ ಚಾರ್ಟ್ ಮಾಡಿದ್ದೆ. ಬಣ್ಣ ಮಾತ್ರ ಬೇರೆ.

ನಿಮ್ಮ ಪ್ಲಾಂಟ್ ಹೆಡ್ ಮನೆ ಎಲ್ಲಿ? ಪುಣೆಯ ಕೋಥ್ರೂಡೋ ಬಾಣೇರೋ ಇರಬೇಕು ಅಲ್ವಾ? ರಾತ್ರಿ ಎರಡಕ್ಕೆ ಫೋನ್ ಎತ್ತಿ, ಪ್ಯಾಂಟ್ ಹಾಕಿಕೊಂಡು, ಗಾಡಿ ತೆಗೆದು ಬರುವಷ್ಟರಲ್ಲಿ ಮುಕ್ಕಾಲು ಗಂಟೆ. ಹಗಲಾದರೆ ಇನ್ನೂ ಕಷ್ಟ, ತಳೇಗಾವ್ ಚೌಕದ ಟ್ರಾಫಿಕ್ ಕಥೆ ನಿಮಗೆ ನಾನು ಹೇಳಬೇಕಾ. ಮೊದಲ ಇಪ್ಪತ್ತು ನಿಮಿಷ ಯಾರ ಮಾತು ನಡೆಯಬೇಕು ಅನ್ನುವುದು ನಿಮ್ಮ ಚಾರ್ಟ್‌ನಲ್ಲಿ ಇಲ್ಲವೇ ಇಲ್ಲ.

ನನಗೆ ಆದದ್ದು ಹೇಳುತ್ತೇನೆ. ಭೋಸರಿ ಕಡೆಯ ಒಂದು ಕಾರ್ಖಾನೆ, ಹೆಸರು ಬೇಡ. ರಾತ್ರಿ ಪಾಳಿ, ಟಾಲ್ವೀನ್ ಅನ್ನುವ, ಬೇಗ ಹೊತ್ತಿಕೊಳ್ಳುವ ಸಾಲ್ವೆಂಟನ್ನು (ದ್ರಾವಕ) ಡ್ರಮ್‌ಗೆ ತುಂಬುವ ಜಾಗದಲ್ಲಿ ಬೆಂಕಿ. ದೊಡ್ಡದೇನೂ ಅಲ್ಲ. ಶಿಫ್ಟ್ ಇನ್‌ಚಾರ್ಜ್ ಹುಡುಗ ಚುರುಕು, ಒಂದು ಕಡೆ ಫೋಮ್ ತರಿಸಿದ, ಇನ್ನೊಂದು ಕಡೆ ಹೋಸ್ ಹಾಕಿಸಿ ಪಕ್ಕದ ಡ್ರಮ್‌ಗಳನ್ನು ತಣ್ಣಗೆ ಇಡಿಸಿದ. ಸರಿಯಾಗೇ ಮಾಡುತ್ತಿದ್ದ. ಅಷ್ಟರಲ್ಲಿ ಪ್ಲಾಂಟ್ ಹೆಡ್ ಮನೆಯಿಂದ ಸೆಕ್ಯೂರಿಟಿಗೆ ಫೋನ್ ಮಾಡಿ 'ಮೊದಲು ಕರೆಂಟಿನ ಮೇನ್ ಕಟ್ ಮಾಡಿಸು' ಅಂದರು. ಸೆಕ್ಯೂರಿಟಿಯವನು ಎಲೆಕ್ಟ್ರಿಷಿಯನ್‌ಗೆ ಹೇಳಿದ, ಅವನು ಕಟ್ ಮಾಡಿದ. ಹೋಸ್ ಹಿಡಿದವನ ಕೈಯಲ್ಲೇ ಹೋಸ್ ಸತ್ತ ಹಾವಿನ ಹಾಗೆ ಜೋತುಬಿತ್ತು. ಫೈರ್ ಪಂಪಿನ ಸಪ್ಲೈ ಅದೇ ಮೇನ್‌ನ ಕೆಳಗಿತ್ತು! ಪ್ರೆಶರ್ ಇಳಿದ ಕೂಡಲೇ ಡೀಸೆಲ್ ಪಂಪ್ ತಾನೇ ಶುರುವಾಗಬೇಕಲ್ವಾ? ಆಗಲಿಲ್ಲ. ಹಿಂದಿನ ವಾರ ಟೆಸ್ಟ್ ಮಾಡಿದವರು ಆಟೋ-ಮ್ಯಾನ್ಯುಯಲ್ ಬದಲಿಸುವ ಸೆಲೆಕ್ಟರ್ ಸ್ವಿಚ್ಚನ್ನು ಮ್ಯಾನ್ಯುಯಲ್‌ನಲ್ಲೇ ಬಿಟ್ಟು ಹೋಗಿದ್ದರು.

ಇದು ಅರ್ಧ ಕಥೆ. ಅಸೆಂಬ್ಲಿ ಪಾಯಿಂಟ್‌ನಲ್ಲಿ ತಲೆ ಎಣಿಸಿದರೆ 41. ರಿಜಿಸ್ಟರ್‌ನಲ್ಲಿ 42. ಠೇಕೇದಾರನ ಹುಡುಗ ಒಬ್ಬ ಇಲ್ಲ. ಅವನನ್ನು ಹುಡುಕೋಕೆ ಇಬ್ಬರು ಮುಖಕ್ಕೆ ಒದ್ದೆ ಟವೆಲ್ ಕಟ್ಟಿಕೊಂಡು ಒಳಗೆ ನುಗ್ಗಿದರು. ಯಾರು ಕಳಿಸಿದ್ದು ಅಂತ ಮರುದಿನ ಕೇಳಿದರೆ ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಹುಡುಗ ಗೇಟಿನಾಚೆ ಟಪರಿಯಲ್ಲಿ ಚಹಾ ಕುಡಿಯುತ್ತಿದ್ದ. ಹುಡುಕೋಕೆ ಹೋದ ಇಬ್ಬರಲ್ಲಿ ಒಬ್ಬ ಮೂರು ದಿನ ಆಸ್ಪತ್ರೆಯಲ್ಲಿ ಇದ್ದ.

ಅವತ್ತು ನಾನೇನು ಮಾಡುತ್ತಿದ್ದೆ ಗೊತ್ತಾ? ಕಂಟ್ರೋಲ್ ರೂಮಿನಲ್ಲಿ ಕೂತು ವಾಟ್ಸಾಪ್ ಗ್ರೂಪಿಗೆ ಟೈಪ್ ಮಾಡುತ್ತಿದ್ದೆ. ಉತ್ತರಕ್ಕೆ 'ಓಕೆ ಸರ್', 'ನೋಟೆಡ್', ಎರಡು ಹೆಬ್ಬೆರಳು. ಒಬ್ಬರು ಕೈ ಮುಗಿದ ಚಿತ್ರ ಹಾಕಿದ್ದರು.

ಆಮೇಲೆ ಕಲಿತದ್ದು ಜಾಕೆಟ್. ಶಿಫ್ಟ್ ಆಫೀಸಿನ ಗೋಡೆಗೆ ಒಂದು ಮೊಳೆ, ಅದರಲ್ಲಿ ಒಂದು ಕೆಂಪು ಜಾಕೆಟ್. ಸೈರನ್ ಆದ ಕೂಡಲೇ ಆ ಪಾಳಿಯ ಇನ್‌ಚಾರ್ಜ್ ಅದನ್ನು ಹಾಕಿಕೊಂಡು ವಾಕಿಟಾಕಿಯಲ್ಲಿ 'ಕಮಾಂಡ್ ನನ್ನ ಹತ್ತಿರ' ಅಂತ ಹೆಸರು, ಸಮಯ ಹೇಳಿ ಕೂಗಬೇಕು. ಅಲ್ಲಿಂದ ಜಾಕೆಟ್ ಯಾರ ಮೈಮೇಲೋ ಅವನೇ ಇನ್ಸಿಡೆಂಟ್ ಕಂಟ್ರೋಲರ್. ದೊಡ್ಡವರು ಬಂದರೆ ಬರಲಿ, ಮೊದಲು ಎರಡು ನಿಮಿಷ ಕೇಳಿಸಿಕೊಳ್ಳಲಿ. ತಗೊಳ್ಳಬೇಕು ಅನಿಸಿದರೆ ಜಾಕೆಟ್ ಬಿಚ್ಚಿಸಿ ತಾವು ಹಾಕಿಕೊಂಡು, ಮತ್ತೆ ವಾಕಿಟಾಕಿಯಲ್ಲಿ ಹೇಳಲಿ. ಜಾಕೆಟ್ ಇಲ್ಲದವರು, ಎಂ.ಡಿ. ಆದರೂ, ಸುಮ್ನೆ ನೋಡೋಕೆ ಬಂದವರು. ಮೊದಲ ಡ್ರಿಲ್‌ನಲ್ಲಿ ನಮ್ಮ ಹೆಡ್ ಅಭ್ಯಾಸಬಲದಿಂದ ಕೂಗಾಡೋಕೆ ಶುರುಮಾಡಿದರು. ಕಲಬುರಗಿ ಕಡೆಯ ಫಿಟ್ಟರ್ ಒಬ್ಬ ತಣ್ಣಗೆ ಕೇಳಿದ, 'ಸಾಹೇಬ್ರ, ನಿಮ್ಮ ಜಾಕೀಟ್ ಎಲ್ಲೈತ್ರಿ?' ಆಮೇಲೆ ಅವರು ಕೂಗಲಿಲ್ಲ. ಒಂದು ವಾರ ನನ್ನ ಜೊತೆ ಮಾತೂ ಆಡಲಿಲ್ಲ, ಅದು ಬೇರೆ ವಿಷಯ.

ಜಾಕೆಟ್ ಅಂದ ಕೂಡಲೇ ಆನ್‌ಲೈನ್‌ನಲ್ಲಿ ಡಜನ್ ಲೆಕ್ಕದಲ್ಲಿ ಸಿಗುವ ಬಲೆ ಬಲೆ ಪಾಲಿಯೆಸ್ಟರ್ ತಗೋಬೇಡಿ, ಬೆಂಕಿ ಹತ್ತಿರ ಅದು ಕರಗಿ ಮೈಗೆ ಅಂಟುತ್ತದೆ. ಬೆಂಕಿ ತಡೆಯುವ ಹತ್ತಿ ಬಟ್ಟೆಯದೇ ಬೇಕು, ಅಳತೆ ದೊಡ್ಡದಿರಲಿ. ಹತ್ತು ಬಣ್ಣ ಬೇಡ, ಮೂರು ಸಾಕು: ಕಮಾಂಡ್, ತಲೆ ಎಣಿಕೆ, ಗೇಟು. ಇನ್‌ಚಾರ್ಜ್‌ಗೇ ಪೆಟ್ಟಾದರೆ ಯಾರು ಹಾಕಬೇಕು ಅನ್ನುವುದನ್ನು ಪಾಳಿ ಶುರುವಾಗುವಾಗಲೇ ಹಲಗೆ ಮೇಲೆ ಬರೆಯಿರಿ. ರಜೆ ದಿನದ ಹೆಸರು ಎಲ್ಲರೂ ಮರೆಯುತ್ತಾರೆ.

ಒಂಬತ್ತು ಬಾಣದ ವಿಷಯಕ್ಕೆ ಬರೋಣ. ಒಬ್ಬನ ಕೆಳಗೆ ಮೂರರಿಂದ ಏಳು ಜನ, ಐದಾದರೆ ಒಳ್ಳೇದು. ಇದು ನನ್ನ ಲೆಕ್ಕ ಅಲ್ಲ. 1970ರಲ್ಲಿ ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚಿನಲ್ಲಿ ಒಂದೊಂದು ದಳ ಒಂದೊಂದು ಕಡೆ ಎಳೆದಾಡಿದ ಮೇಲೆ ಅವರು ಕಟ್ಟಿಕೊಂಡ ಪದ್ಧತಿ. ನಮ್ಮ ಎನ್‌ಡಿಎಂಎ (ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ) 2010ರಲ್ಲಿ ತಂದ ಇನ್ಸಿಡೆಂಟ್ ರೆಸ್ಪಾನ್ಸ್ ಮಾರ್ಗಸೂಚಿಯ ಬೇರೂ ಅದೇ. ನಿಮ್ಮ ಪ್ಲಾಂಟ್ ಹೆಡ್‌ಗೆ ಮೇನ್ ಕಂಟ್ರೋಲರ್ ಕುರ್ಚಿ ಕೊಡಿ. ಹೊರಗಿನ ಫೋನು, ಅಕ್ಕಪಕ್ಕದ ಕಂಪನಿ, ಪೊಲೀಸು, ಮನೆಯವರು, ಎಲ್ಲ ಅವರದು. ಆಲ್ ಕ್ಲಿಯರ್, ಅಂದರೆ ಅಪಾಯ ಮುಗಿಯಿತು ಅಂತ ಕೂಡ ಅವರೇ ಹೇಳಲಿ. ಬೆಂಕಿ ಹತ್ತಿರ ಮಾತ್ರ ಬರಬಾರದು.

ಏಪ್ರಿಲ್ 14ಕ್ಕೆ ಅಗ್ನಿಶಾಮಕ ದಿನ ಅಂತ ಎದೆಗೆ ಬ್ಯಾಡ್ಜ್ ಚುಚ್ಚಿಕೊಳ್ಳುತ್ತೇವಲ್ಲ, ಅದರ ಹಿಂದೆ ಇರುವುದೂ ಇದೇ ಗೋಳು. 1944ರಲ್ಲಿ ಮುಂಬೈಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಹಡಗು. ಹತ್ತಿ ಬೇಲು, ಸ್ಫೋಟಕ ಎರಡೂ ಅದರಲ್ಲೇ. ಮಧ್ಯಾಹ್ನ ಹೊಗೆ ಕಂಡಿತು. ಅಲ್ಲೇ ಮುಳುಗಿಸೋದಾ, ಹೊರಗೆ ಎಳೆದುಕೊಂಡು ಹೋಗೋದಾ ಅಂತ ಕೊನೆಯ ಮಾತು ಹೇಳುವವರು ಒಬ್ಬರೂ ಇರಲಿಲ್ಲ. ನಾಲ್ಕು ಗಂಟೆ ದಾಟುತ್ತಿದ್ದಂತೆ ಸಿಡಿಯಿತು. ಅಗ್ನಿಶಾಮಕದವರೇ 66 ಜನ ಹೋದರು.

ವಾಕಿಟಾಕಿಗೆ ದುಡ್ಡು ಹಾಕಿ. ನಾನು ಮೊಟೊರೋಲಾ ಪಕ್ಷ, ಕೆನ್‌ವುಡ್ ಇದ್ದರೂ ಜಗಳ ಇಲ್ಲ. ಸಾಲ್ವೆಂಟ್ ಜಾಗಕ್ಕೆ ಮಾತ್ರ ಇಂಟ್ರಿನ್ಸಿಕಲಿ ಸೇಫ್ (ಕಿಡಿಯಿಂದ ಆವಿ ಹೊತ್ತಿಸದ) ಸರ್ಟಿಫಿಕೇಟ್ ಇರುವ ಸೆಟ್ಟೇ ಬೇಕು. ಮೊಬೈಲ್ ಒಳಗೆ ಬಿಡಲ್ಲ ಅಂತ ಬೋರ್ಡ್ ಹಾಕಿ, ಎಮರ್ಜೆನ್ಸಿಗೆ ವಾಟ್ಸಾಪ್ ಅಂತ ಬರೆದಿದ್ದೀರಲ್ಲ, ಏನು ಹೇಳೋಣ! ಕೇಳಿದವನು ಮಾತನ್ನು ತಿರುಗಿ ಹೇಳಬೇಕು, 'ಓಕೆ' ನಡೆಯಲ್ಲ. ಸೆಟ್ ಕೈಕೊಟ್ಟರೆ ಓಡೋಕೆ ಒಬ್ಬ ಹುಡುಗ ಇರಲಿ. ಗೇಟಿಗೆ ಅಹುಜಾ ಮೆಗಾಫೋನ್ ಸಾಕು, ಸೆಲ್ ಹೊರಗೆ ತೆಗೆದಿಡಿ, ಇಲ್ಲದಿದ್ದರೆ ಸೋರಿ ಹಾಳಾಗುತ್ತದೆ. ಕೂಗುವುದು ಹಿಂದಿ, ಮರಾಠಿಯಲ್ಲಿ, ವಿಜಯಪುರ ಕಡೆಯ ಗ್ಯಾಂಗ್ ಇದ್ದರೆ ಕನ್ನಡದಲ್ಲೂ.

ತಲೆ ಎಣಿಕೆಗೆ ಬೆರಳಚ್ಚಿನ ಮಿಷನ್ ನಂಬಬೇಡಿ. ಕರೆಂಟ್ ಹೋದರೆ ಪಟ್ಟಿ ಯಾರು ತೆಗೆಯುತ್ತಾರೆ? ನಾನು ಹಿತ್ತಾಳೆ ಬಿಲ್ಲೆ ಮಾಡಿಸಿದೆ. ಒಳಗೆ ಬರುವಾಗ ಗೇಟಿನ ಹಲಗೆಗೆ ನೇತುಹಾಕು, ಹೋಗುವಾಗ ತಗೊಂಡು ಹೋಗು, ಚಹಾಕ್ಕೆ ಹೋದರೂ ಅಷ್ಟೇ. ಎಲ್ಲರೂ ನಕ್ಕರು. ಈಗ ಎಣಿಕೆ ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ. ಅಸೆಂಬ್ಲಿ ಪಾಯಿಂಟ್ ಎರಡಿರಲಿ, ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ನೋಡಿ ಯಾವ ಕಡೆ ಅಂತ ಹೇಳಲಿ. ಮಳೆಗಾಲದ ಪಶ್ಚಿಮದ ಗಾಳಿ ನಂಬಿ ಮಾಡಿದ ಜಾಗ ಚಳಿಗಾಲಕ್ಕೆ ಆಗಲ್ಲ. ಕಂಟ್ರೋಲ್ ರೂಮಿಗೂ ಇದೇ ಮಾತು, ನಿಮ್ಮದು ಸಾಲ್ವೆಂಟ್ ಸ್ಟೋರಿನ ಗೋಡೆಗೆ ಅಂಟಿಕೊಂಡಿದೆ.

ಎಂಐಡಿಸಿ (ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ) ಫೈರ್ ಸ್ಟೇಷನ್‌ನವರು ಬಂದ ಮೇಲೆ ಬೆಂಕಿ ಅವರದು. ಆದರೆ ನಿಮ್ಮ ಕೆಂಪು ಜಾಕೆಟ್ ಅವರ ಆಫೀಸರ್ ಪಕ್ಕದಲ್ಲೇ ನಿಂತಿರಬೇಕು. ಏನು ಉರಿಯುತ್ತಿದೆ, ಯಾರು ಕಾಣುತ್ತಿಲ್ಲ, ಏನೇನು ಬಂದ್ ಮಾಡಿದೆ, ಈ ಮೂರು ಮಾತು ಮೊದಲು ಹೇಳಿ, ಎಂಎಸ್‌ಡಿಎಸ್, ಅಂದರೆ ಆ ರಾಸಾಯನಿಕದ ಸುರಕ್ಷತಾ ಮಾಹಿತಿ ಹಾಳೆ, ಕೈಗೆ ಕೊಡಿ. ಹಿಂದಿನ ಗೇಟಿಗೆ ಸ್ಕ್ರಾಪ್ ಟ್ರಾಲಿ ಅಡ್ಡ ನಿಲ್ಲಿಸಿದ್ದೀರಿ, ನಿಮ್ಮದೇ ಫೋಟೋದಲ್ಲಿ ಕಾಣುತ್ತದೆ. ಟ್ಯಾಂಕರ್ ಎಲ್ಲಿಂದ ಬರಬೇಕು?

ಡ್ರಿಲ್ ಬೆಳಿಗ್ಗೆ ಹನ್ನೊಂದಕ್ಕೆ ಅಂತ ನೋಟಿಸ್ ಹಾಕಿದ್ದೀರಿ. 1989ರ ಅಪಾಯಕಾರಿ ರಾಸಾಯನಿಕ ನಿಯಮ ನಿಮಗೆ ಅನ್ವಯಿಸಿದರೆ ಆರು ತಿಂಗಳಿಗೊಂದು ಹೇಗೂ ಮಾಡಲೇಬೇಕು. ಒಂದು ಹಗಲು ಮಾಡಿ, ಇನ್ನೊಂದು ರಾತ್ರಿ ಮೂರಕ್ಕೆ ಮಾಡಿ. ಹೆಡ್‌ಗೆ ಫೋನ್ ಸಿಗಲಿಲ್ಲ ಅಂತಲೇ ಶುರುಮಾಡಿ. ಒಬ್ಬನ ಕೈಯಲ್ಲಿ ನೋಟ್‌ಬುಕ್ಕು, ಪೆನ್ಸಿಲ್ಲು ಇರಲಿ, ಪ್ರತಿ ಆದೇಶಕ್ಕೂ ಸಮಯ ಬರೆಯಲಿ. ಪೆನ್ ಬೇಡ, ಮಳೆಯಲ್ಲಿ ಬರೆಯಲ್ಲ.

ಚಾರ್ಟ್ ಭಾನುವಾರ ತಿದ್ದಿ ಹಾಕಿ, ಉತ್ತರ ದಿಕ್ಕು ಗುರುತು ಮಾಡಿ ಲೇಔಟ್ ಸಮೇತ. ನಾನು ಡ್ಯೂಟಿ ಮುಗಿಸಿ ನೋಡುತ್ತೇನೆ. ಫೈರ್ ಪಂಪಿನ ಸಪ್ಲೈ ಮೇನ್‌ನ ಮೇಲಿಂದ ಬೇರೆ ಬಂದಿದೆಯಾ ಅಂತ ಎಲೆಕ್ಟ್ರಿಷಿಯನ್‌ನ ನಾಳೆ ಕೇಳಿದರೆ ಸಾಕು, ಆದರೆ ಡೀಸೆಲ್ ಪಂಪಿನ ಸೆಲೆಕ್ಟರ್ ಆಟೋದಲ್ಲಿದೆಯಾ ಅಂತ ಈಗಲೇ ರಾತ್ರಿ ಸೆಕ್ಯೂರಿಟಿಗೆ ಫೋನ್ ಮಾಡಿ ಕೇಳಿ. 'ಇದೆ ಸರ್' ಅಂದರೆ ಒಪ್ಪಬೇಡಿ, ಫೋಟೋ ತರಿಸಿ.